ಪಿಲ್ಸೆನ್ನಿನ ನೀರು, ಹುಬ್ಬಳ್ಳಿಯ ಬಿಸಿಲು

ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಿಂತು, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವವರಿಗೆ ಆ ನೀರು ಜೆಕ್ ದೇಶದ ಪಿಲ್ಸೆನ್ ಪಟ್ಟಣದ ನೀರಿಗೆ ಹತ್ತಿರದ ನೆಂಟ ಎಂದು ಗೊತ್ತಿರಲಾರದು. ಗೊತ್ತಾಗಿ ಅವರಿಗೆ ಆಗಬೇಕಾದದ್ದೂ ಏನಿಲ್ಲ. ಆದರೆ ಇಂದು ಜಗತ್ತಿನಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಹೊಂಬಣ್ಣದ ತಿಳಿ ಲಾಗರ್, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಬಿಯರ್. ಆ ವಂಶದ ಮೂಲಪುರುಷ ಪಿಲ್ಸೆನ್ನಿನಲ್ಲಿ ಹುಟ್ಟಿದ ಪಿಲ್ಸ್ನರ್. ಅದು ಅಲ್ಲಿಯೇ ಏಕೆ ಹುಟ್ಟಿತು ಎಂಬ ಪ್ರಶ್ನೆಗೆ ಉತ್ತರ ನೀರಿನಿಂದಲೇ ಶುರುವಾಗುತ್ತದೆ.

ಜೆಕ್ ದೇಶದ ಬ್ರನೋ ನಗರದಲ್ಲಿ ಎಂಜಿನಿಯರ್ ಆಗಿರುವ ನನ್ನ ಅಕ್ಕನ ಮಗ ಅಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಪಿಲ್ಸ್ನರ್ ತಯಾರಿಸುತ್ತಾನೆ. ಒಂದು ಮಿತಿಯೊಳಗೆ ಸ್ವಂತ ಬಳಕೆಗೆ ಮಾಡಿಕೊಳ್ಳಲು ಅಲ್ಲಿನ ಕಾನೂನಿನ ಅಡ್ಡಿಯಿಲ್ಲ. ರಜೆಗೆ ಹುಬ್ಬಳ್ಳಿಗೆ ಬಂದವನು, “ಮಾಮಾ, ಇಲ್ಲೇ ಒಂದು ಸಲ ಮಾಡಿ ನೋಡಿದರೆ ಹೇಗೆ?” ಎಂದ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಅದಕ್ಕೆ ಹೊರತಲ್ಲ. ಹೀಗಾಗಿ ಒಲೆ ಹಚ್ಚುವ ಮಾತು ಬಿಟ್ಟು ಕಾಗದದ ಮೇಲೆ ಲೆಕ್ಕ ಹಾಕಲು ಕೂತೆವು. ಒಂದು ಊರಿನ ನೀರು, ಧಾನ್ಯ, ಚಳಿ ಮೂರೂ ಒಟ್ಟಿಗೆ ಕೂಡಿಬಂದಾಗ ಹುಟ್ಟಿದ ಪೇಯ ಇದು. ಬೇರೆ ಕಡೆ ಇದನ್ನು ಮಾಡಬೇಕಾದವನು ಮೊದಲು ಆ ಊರನ್ನೇ ಮಾಡಿಕೊಳ್ಳಬೇಕು ಎನ್ನುವುದು ನನ್ನ ಅಭಿಪ್ರಾಯ.

1838ರಲ್ಲಿ ಪಿಲ್ಸೆನ್ನಿನ ಜನ ಕೆಟ್ಟ 36 ಪೀಪಾಯಿ ಬಿಯರನ್ನು ಪುರಭವನದ ಎದುರು ಚೆಲ್ಲಿ ಸಿಟ್ಟು ತೀರಿಸಿಕೊಂಡರು. ಅದರ ಫಲವಾಗಿ ನಾಗರಿಕರೇ ಸೇರಿ ಹೊಸ ಬಿಯರ್ ಕಾರ್ಖಾನೆ ಕಟ್ಟಿದರು, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ತಯಾರಕನನ್ನು ಕರೆಸಿದರು. 1842ರ ಅಕ್ಟೋಬರ್ 5ರಂದು ಅವನು ಮೊದಲ ಪಾಕ ಇಳಿಸಿದ. ನವೆಂಬರಿನಲ್ಲಿ ಅದು ಜನರ ಕೈಸೇರಿತು. ಹೊಗೆ ತಾಗದಂತೆ ಬಿಸಿಗಾಳಿಯಲ್ಲಿ ಒಣಗಿಸಿದ ತಿಳಿಬಣ್ಣದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ), ಜೆಕ್ ದೇಶದ ಝಾಟೆಟ್ಸ್ ಪ್ರದೇಶದ ಸಾಜ್ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂ), ತಂಪಿನಲ್ಲಿ ಹುದುಗಿಸುವ ಬವೇರಿಯಾದ ಯೀಸ್ಟ್, ಊರಿನ ಮೆದು ನೀರು. ಕಪ್ಪು, ಕಂದು ಬಿಯರುಗಳಿಗೆ ಒಗ್ಗಿದ್ದ ಕಾಲದಲ್ಲಿ ಬಂಗಾರದ ಬಣ್ಣದ ಬಿಯರ್ ಬಂತು. ಮುಂದಿನ ಕಥೆ ವ್ಯಾಪಾರದ್ದು, ಅದು ನನಗೆ ಅಷ್ಟು ರುಚಿಸುವುದಿಲ್ಲ.

ನೀರಿಗೆ ಬರೋಣ. ಪಿಲ್ಸೆನ್ನಿನ ನೀರಿನಲ್ಲಿ ಲೀಟರಿಗೆ ಕ್ಯಾಲ್ಸಿಯಂ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ನಮ್ಮಲ್ಲಿ ಕುಡಿಯುವ ನೀರಿನ ಭಾರತೀಯ ಮಾನಕವು ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿಯಿಟ್ಟು, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಒಪ್ಪುತ್ತದೆ. ಗದಗ, ಮುಂಡರಗಿ ಕಡೆಯ ಕೊಳವೆಬಾವಿ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕೂರುವುದನ್ನು ಅಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಫ್ಲೋರೈಡಿನ ಕಾಟ ಬೇರೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ಜಲಾಶಯದಿಂದ ಬರುವ ನೀರು ಇದಕ್ಕಿಂತ ಎಷ್ಟೋ ಮೆದು, ಆದರೂ ಪಿಲ್ಸೆನ್ನಿನಷ್ಟಲ್ಲ.

ಗಡಸು ನೀರಿನಿಂದ ಏನು ಕೆಡುತ್ತದೆ? ನೀರಿನಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ನುಂಗಿಹಾಕುತ್ತದೆ. ಪುಡಿ ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದಾಗ ಆ ಮಿಶ್ರಣದ ಪಿಎಚ್ (ಆಮ್ಲೀಯತೆಯ ಅಳತೆ, ಆಮ್ಲ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 5.2ರಿಂದ 5.5ರ ನಡುವೆ ಇದ್ದರೆ ಕಿಣ್ವಗಳು ಚೆನ್ನಾಗಿ ದುಡಿಯುತ್ತವೆ. ಬೈಕಾರ್ಬೊನೇಟ್ ಹೆಚ್ಚಿದ್ದರೆ ಪಿಎಚ್ ಮೇಲೇರುತ್ತದೆ, ಕಾಳಿನ ಸಿಪ್ಪೆಯಿಂದ ಒಗರು ಬಿಡುತ್ತದೆ, ಹಾಪ್ಸ್‌ನ ಕಹಿ ನಾಲಿಗೆಗೆ ಒರಟಾಗಿ ಅಂಟಿಕೊಳ್ಳುತ್ತದೆ. ಹುರಿದ ಕಪ್ಪು ಮಾಲ್ಟಿಗೆ ತನ್ನದೇ ಆಮ್ಲೀಯತೆ ಇರುವುದರಿಂದ ಅದು ಇಂಥ ನೀರನ್ನು ಸರಿದೂಗಿಸುತ್ತದೆ. ಡಬ್ಲಿನ್, ಮ್ಯೂನಿಕ್‌ನಂಥ ಗಡಸು ನೀರಿನ ಊರುಗಳು ಕಪ್ಪು ಬಿಯರಿಗೆ ಹೆಸರಾದದ್ದರ ಹಿಂದೆ ಈ ರಸಾಯನವೂ ಇದೆ. ಫ್ಲೋರೈಡಿನ ಮಾತು ಬದಿಗಿಟ್ಟರೆ ಗದಗಿನ ಕೊಳವೆಬಾವಿಗೆ ಹೊಂದುವುದೂ ಕಪ್ಪು ಬಿಯರೇ. ತಿಳಿಬಣ್ಣದ ಮಾಲ್ಟಿಗೆ ಆ ರಕ್ಷಣೆ ಇಲ್ಲ. ಅದಕ್ಕೆ ಬೇಕಾದದ್ದು ಬಹುತೇಕ ಖಾಲಿ ನೀರು. ಆರ್‌ಒ ಯಂತ್ರ ಮಾಡುವುದು ಇದನ್ನೇ: ಪೊರೆಯ ಮೂಲಕ ನೀರನ್ನು ಒತ್ತಿ ಲವಣಗಳನ್ನು ಹಿಂದೆ ಉಳಿಸುತ್ತದೆ. ಫ್ಲೋರೈಡಿಗೆ ಹೆದರಿ ಹಳ್ಳಿಗಳಲ್ಲಿ ಹಾಕಿದ ಯಂತ್ರ ಪಿಲ್ಸೆನ್ನಿನ ನೀರನ್ನು ತಯಾರಿಸಿ ಕೊಡುತ್ತಿದೆ. ಹಾಗಾಗಿ ಎಲ್ಲರೂ ಕಷ್ಟವೆಂದುಕೊಳ್ಳುವ ನೀರು ನಮ್ಮ ಲೆಕ್ಕದಲ್ಲಿ ಮೊದಲೇ ಬಗೆಹರಿಯಿತು.

ಧಾನ್ಯ ಹಾಗಲ್ಲ. ಬಾರ್ಲಿ ನಮ್ಮ ದೇಶದಲ್ಲಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣಗಳ ಚಳಿಗಾಲದ ಬೆಳೆ. ಈ ಸೀಮೆಯ ಹಿಂಗಾರಿನ ಹೊಲ ಜೋಳದ್ದು, ಕಡಲೆಯದು. “ಮಾಲದಂಡಿ ಜೋಳವನ್ನೇ ಮೊಳಕೆ ಬರಿಸಿದರೆ?” ಎಂದು ನಾನು ಕೇಳಿದೆ. ಕೇಳುವಂಥ ಪ್ರಶ್ನೆಯೇ. ಆಫ್ರಿಕದ ಅನೇಕ ಕಡೆ ಜೋಳದ ಬಿಯರ್ ಮನೆಮಾತು; 1988ರಲ್ಲಿ ನೈಜೀರಿಯಾ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳು ಜೋಳದಿಂದಲೇ ಲಾಗರ್ ತೆಗೆದವು. ಆದರೆ ಅದು ಪಿಲ್ಸ್ನರ್ ಆಗಲಿಲ್ಲ, ಏಕೆಂದರೆ ಜೋಳ ಮತ್ತು ಬಾರ್ಲಿ ಒಳಗಿನಿಂದಲೇ ಬೇರೆ.

ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಕಿಣ್ವಗಳನ್ನು ಸಿದ್ಧಪಡಿಸುತ್ತದೆ. ಮುಖ್ಯವಾದವು ಎರಡು. ಆಲ್ಫಾ ಅಮೈಲೇಸ್ ಪಿಷ್ಟದ ಉದ್ದನೆಯ ಸರಪಳಿಯನ್ನು ಕಬ್ಬಿನ ಗಳ ಕಡಿದಂತೆ ಎಲ್ಲೆಂದರಲ್ಲಿ ತುಂಡರಿಸುತ್ತದೆ. ಬೀಟಾ ಅಮೈಲೇಸ್ ತುದಿಯಿಂದ ಒಂದೊಂದೇ ಗಣ್ಣು ಜಗಿಯುತ್ತ ಬಂದು ಮಾಲ್ಟೋಸ್ ಸಕ್ಕರೆ ಕೊಡುತ್ತದೆ. ಯೀಸ್ಟಿಗೆ ಬೇಕಾದದ್ದು ಈ ಮಾಲ್ಟೋಸ್. ಬೀಟಾ ದುಡಿಯುವುದು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ, 70 ದಾಟಿದರೆ ಬೇಗ ಸಾಯುತ್ತದೆ. ಬಾರ್ಲಿಯ ಪಿಷ್ಟ ಸರಿಸುಮಾರು ಅದೇ ಬಿಸಿಯಲ್ಲಿ ಬೆಂದು ಅಂಟಾಗುತ್ತದೆ. ಬೇಯುವುದೂ ಒಡೆಯುವುದೂ ಒಂದೇ ಪಾತ್ರೆಯಲ್ಲಿ, ಒಂದೇ ಬಿಸಿಯಲ್ಲಿ ಆಗಿಬಿಡುತ್ತದೆ. ಜೋಳದ ಪಿಷ್ಟ ಬೇಯಲು ಸುಮಾರು 70 ಡಿಗ್ರಿಗಿಂತ ಹೆಚ್ಚಿನ ಕಾವು ಬೇಕು. ಅಷ್ಟರಲ್ಲಿ ಬೀಟಾ ಸತ್ತಿರುತ್ತದೆ, ಜೋಳದಲ್ಲಿ ಅದು ಇರುವುದೇ ಕಡಿಮೆ. ಬಾರ್ಲಿಗೆ ಸಿಪ್ಪೆ ಅಂಟಿಕೊಂಡೇ ಇರುವುದರಿಂದ ರಸ ಸೋಸುವಾಗ ಅದೇ ಜರಡಿಯಾಗುತ್ತದೆ. ಒಕ್ಕಿದ ಜೋಳಕ್ಕೆ ಆ ಸಿಪ್ಪೆಯಿಲ್ಲ, ಸೋಸಲು ಹೋದರೆ ಅಂಬಲಿ ಕಟ್ಟಿಕೊಂಡು ಕೂರುತ್ತದೆ. ಇನ್ನೊಂದು ಸಂಗತಿ ರೈತರಿಗೆ ಗೊತ್ತಿದ್ದದ್ದೇ: ಎಳೆಯ ಜೋಳದ ಪೈರು ಮೇಯ್ದ ದನ ಸಾಯುವುದುಂಟು. ಧುರಿನ್ ಎಂಬ ವಸ್ತು ಒಡೆದು ಸೈನೈಡ್ ಬಿಡುತ್ತದೆ. ಮೊಳೆತ ಜೋಳದ ಮೊಳಕೆ, ಬೇರುಗಳಲ್ಲೂ ಅದು ಇರುವುದರಿಂದ ಜೋಳದ ಮಾಲ್ಟ್ ಮಾಡುವವರು ಅವನ್ನು ಒಣಗಿಸಿ ಉದುರಿಸುತ್ತಾರೆ.

ಕಿಣ್ವದ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ಬಿಯರ್ ಬೇಡ, ಗಂಜಿ ಸಾಕು. ಅಕ್ಕಿಹಿಟ್ಟಿನ ಗಟ್ಟಿ ಗಂಜಿ ಕಾಯಿಸಿ 65 ಡಿಗ್ರಿಯ ಆಸುಪಾಸಿಗೆ ಆರಿಸಿ, ಮೊಳಕೆ ಕಟ್ಟಿ ನೆರಳಲ್ಲಿ ಒಣಗಿಸಿದ ರಾಗಿಯ ಹಿಟ್ಟು ಒಂದು ಚಮಚ ಕಲಸಿದರೆ ಕೆಲವೇ ನಿಮಿಷಗಳಲ್ಲಿ ಗಂಜಿ ನೀರಾಗುತ್ತದೆ. ರಾಗಿಯನ್ನು ಹುರಿದಿರಬಾರದು, ಹುರಿದರೆ ಕಿಣ್ವ ಸತ್ತಿರುತ್ತದೆ.

ಲೆಕ್ಕಕ್ಕೆ ಮರಳಿದರೆ, 20 ಲೀಟರ್ ಪಿಲ್ಸ್ನರಿಗೆ ಸುಮಾರು ನಾಲ್ಕೂವರೆ ಕಿಲೋ ಬಾರ್ಲಿ ಮಾಲ್ಟ್ ಬೇಕು. ಜೆಕ್ ಜನ ಇದನ್ನು 12 ಡಿಗ್ರಿ ಬಿಯರ್ ಎನ್ನುತ್ತಾರೆ. ಇದು ಕಾವಿನ ಅಳತೆಯಲ್ಲ, ಹುದುಗುವ ಮೊದಲು ನೂರು ಗ್ರಾಂ ರಸದಲ್ಲಿ 12 ಗ್ರಾಂ ಸಾರವಿದೆ ಎಂಬ ಅರ್ಥ. ಪ್ರಾಗ್‌ನ ರಸಾಯನಶಾಸ್ತ್ರಜ್ಞ ಕಾರ್ಲ್ ಬಾಲಿಂಗ್ ಕೊಟ್ಟ ಮಾಪನ. ಇಲ್ಲಿಯೇ ಜೆಕ್ ಪದ್ಧತಿಯ ವಿಶೇಷವೂ ಇದೆ: ಮಿಶ್ರಣದ ಗಟ್ಟಿ ಭಾಗದಿಂದ ಮೂರನೇ ಒಂದರಷ್ಟನ್ನು ತೆಗೆದು ಬೇರೆ ಪಾತ್ರೆಯಲ್ಲಿ ಕುದಿಸಿ ಮತ್ತೆ ಸುರಿಯುತ್ತಾರೆ, ಇಡೀ ಮಿಶ್ರಣದ ಕಾವು ಒಂದು ಮೆಟ್ಟಿಲು ಏರುತ್ತದೆ. ಮೂಲ ಪಿಲ್ಸ್ನರಿಗೆ ಮೂರು ಸಲ. ಥರ್ಮಾಮೀಟರ್ ಇಲ್ಲದ ಕಾಲದ ಜಾಣತನ ಇದು. ಪಾಲು ಸರಿಯಿದ್ದರೆ ಕಾವು ತಾನಾಗಿ ಸರಿಬರುತ್ತದೆ. ಇಂದಿನ ಮಾಲ್ಟಿಗೆ ಇದರ ಅಗತ್ಯವಿಲ್ಲ ಎನ್ನುವವರು ಬಹಳ. ಅಳಿಯ ಅವರ ಪಕ್ಷ, ಅರ್ಧ ದಿನ ಉಳಿಯುತ್ತದೆ ಎನ್ನುತ್ತಾನೆ. ಕುದಿಯುವಾಗ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕೂಡಿ ಹುಟ್ಟುವ ಮೆಲನಾಯ್ಡಿನ್‌ಗಳ ಪರಿಮಳ ಬೇರೆ ದಾರಿಯಿಂದ ಬಂದರೂ ಅದೇ ಹದದಲ್ಲಿ ಬರುವುದಿಲ್ಲ ಎಂದು ನನ್ನ ನಂಬಿಕೆ.

ಹಾಪ್ಸ್ ತರಿಸಿಕೊಳ್ಳಬಹುದೇ ಹೊರತು ಬೆಳೆಯಲಾಗದು. ಝಾಟೆಟ್ಸ್ ಇರುವುದು 50 ಡಿಗ್ರಿ ಅಕ್ಷಾಂಶದಲ್ಲಿ, ಅಲ್ಲಿ ಬೇಸಿಗೆಯ ಹಗಲು 16 ಗಂಟೆ. ನಮ್ಮ ಅತಿ ಉದ್ದದ ಹಗಲೂ 13 ಗಂಟೆಯಷ್ಟೇ. ಬಳ್ಳಿ ಎತ್ತರಕ್ಕೆ ಏರುವ ಮೊದಲೇ ಹೂಬಿಡಲು ತೊಡಗಿ ಇಳುವರಿ ಸೊರಗುತ್ತದೆ. ಭಾರತದಲ್ಲಿ ಇದನ್ನು ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಸಾಜ್ ಹಾಪ್ಸ್‌ನಲ್ಲಿ ಕಹಿಯ ಮೂಲವಾದ ಆಲ್ಫಾ ಆಮ್ಲ ನೂರಕ್ಕೆ ಮೂರು-ನಾಲ್ಕರಷ್ಟು ಮಾತ್ರ, ಆದ್ದರಿಂದ 20 ಲೀಟರಿಗೆ ಸುಮಾರು 100 ಗ್ರಾಂ ಬೇಕು. ಆ ಆಮ್ಲ ಕುದಿದಾಗ ರೂಪ ಬದಲಿಸಿಕೊಂಡ ಮೇಲೆಯೇ ರಸದಲ್ಲಿ ಕರಗಿ ಕಹಿಯಾಗುತ್ತದೆ.

ಕುದಿಸುವುದಕ್ಕೆ ಇನ್ನೊಂದು ಕಾರಣ ಹಾವೇರಿಯವರಿಗೆ ಬೇಗ ಅರ್ಥವಾದೀತು. ತಿಳಿಬಣ್ಣದ ಮಾಲ್ಟನ್ನು ಮೆಲ್ಲಗೆ ಒಣಗಿಸಿರುವುದರಿಂದ ಅದರಲ್ಲಿ ಗಂಧಕದ ಒಂದು ಸಂಯುಕ್ತ ಉಳಿದಿರುತ್ತದೆ. ಬಿಸಿಯಾದಾಗ ಅದು ಡೈಮೀಥೈಲ್ ಸಲ್ಫೈಡ್ ಆಗುತ್ತದೆ. ಅದರದು ಬೇಯಿಸಿದ ಗೋವಿನಜೋಳದ ವಾಸನೆ. ತೆನೆಯಲ್ಲಿ ಹಿತ, ಪಿಲ್ಸ್ನರಿನಲ್ಲಿ ದೋಷ. ಮುಚ್ಚಳ ತೆರೆದು ಒಂದೂವರೆ ಗಂಟೆ ಕುದಿಸಿದರೆ ಆವಿಯಾಗಿ ಹೋಗುತ್ತದೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದು ಅಲ್ಲಿ ನೀರು 97.5 ಡಿಗ್ರಿಗೇ ಕುದಿಯುವುದರಿಂದ ಇನ್ನು ಸ್ವಲ್ಪ ಹೊತ್ತು ಹೆಚ್ಚು ಕುದಿಸುವುದು ಲೇಸು.

ಇನ್ನು ಚಳಿ. ನಿಜವಾದ ಜಗಳ ಇರುವುದು ಇಲ್ಲಿ. ಲಾಗರ್ ಯೀಸ್ಟ್ ಎರಡು ಜಾತಿಗಳ ಸಂಕರ: ಒಂದು ಬ್ರೆಡ್ಡಿನ, ಸಾಮಾನ್ಯ ಬಿಯರಿನ ಯೀಸ್ಟ್, ಇನ್ನೊಂದು ಯಾವುದೆಂದು ಬಹುಕಾಲ ಗೊತ್ತಿರಲಿಲ್ಲ. 2011ರಲ್ಲಿ ಅರ್ಜೆಂಟೀನಾದ ಪ್ಯಾಟಗೋನಿಯಾದ ಕಾಡಿನಲ್ಲಿ, ದಕ್ಷಿಣದ ಬೀಚ್ ಮರಗಳ ಗಂಟುಗಳಲ್ಲಿ ಅದು ಸಿಕ್ಕಿತು. ಸ್ಯಾಕರೊಮೈಸಿಸ್ ಯುಬಯಾನಸ್ ಎಂದು ಹೆಸರಿಟ್ಟರು. ಮುಂದೆ ಟಿಬೆಟ್‌ನಲ್ಲೂ ಐರ್ಲೆಂಡಿನಲ್ಲೂ ಕಂಡುಬಂತು. ಚಳಿ ತಡೆಯುವ ಗುಣ ಲಾಗರಿಗೆ ಬಂದದ್ದು ಈ ಕಾಡುಹೆತ್ತವರಿಂದ. ಹತ್ತು ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಹುದುಗಿದರೆ ಹಣ್ಣಿನ ವಾಸನೆಯ ಎಸ್ಟರುಗಳು ಕಡಿಮೆಯಾಗಿ ಮಾಲ್ಟ್ ಮತ್ತು ಹಾಪ್ಸ್ ಎರಡೇ ಮಾತಾಡುತ್ತವೆ. ಪಿಲ್ಸೆನ್ನಿನವರು ನೆಲದಡಿ ಕಲ್ಲು ಕೊರೆದು ಒಂಬತ್ತು ಕಿಲೋಮೀಟರಿನಷ್ಟು ಸುರಂಗ ಮಾಡಿ, ಚಳಿಗಾಲದ ಮಂಜುಗಡ್ಡೆ ತುಂಬಿಟ್ಟು ಆ ತಂಪು ಕಾಯ್ದುಕೊಂಡರು.

ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಹಗಲು 37 ಡಿಗ್ರಿ ಮುಟ್ಟುತ್ತದೆ, ಮಾಳಿಗೆಯ ಮೇಲಿನ ಟ್ಯಾಂಕಿನ ನೀರಿನಲ್ಲಿ ಕೈಯಿಡಲಾಗದು. ಡಿಸೆಂಬರಿನ ರಾತ್ರಿಯೂ 14-15 ಡಿಗ್ರಿ. ಬ್ರನೋದಲ್ಲಿ ಕುದಿದ ರಸವನ್ನು ನಲ್ಲಿಯ ನೀರು ಹರಿಸಿಯೇ ಬಹುಪಾಲು ತಣಿಸಿಬಿಡಬಹುದು. ಇಲ್ಲಿ ನೀರು 25 ಡಿಗ್ರಿಯ ಹತ್ತಿರವೇ ನಿಲ್ಲಿಸುತ್ತದೆ, ಮುಂದಿನ ದಾರಿ ಮಂಜುಗಡ್ಡೆಯದು. ನಲ್ಲಿಗೆ ದಿನಗಟ್ಟಲೆ ಕಾಯುವ ಬಡಾವಣೆಗಳಿರುವ ಊರಿನಲ್ಲಿ ನೀರು ಹರಿಸಿ ತಣಿಸುವ ಮಾತೂ ಅಸಭ್ಯ. ಹುದುಗುವಿಕೆ ತಾನೇ ಶಾಖ ಹುಟ್ಟಿಸುವ ಕ್ರಿಯೆಯಾದ್ದರಿಂದ ಪಾತ್ರೆಯ ಒಳಗೆ ಹೊರಗಿಗಿಂತ ಎರಡು-ಮೂರು ಡಿಗ್ರಿ ಹೆಚ್ಚೇ ಇರುತ್ತದೆ. ಚಳಿಯಲ್ಲಿ ಯೀಸ್ಟ್ ನಿಧಾನವಾಗುವುದರಿಂದ ಅದರ ಪ್ರಮಾಣವೂ ಹೆಚ್ಚಬೇಕು: 20 ಲೀಟರಿಗೆ ಸುಮಾರು 36,000 ಕೋಟಿ ಜೀವಕೋಶಗಳು. ಒಂದು ಹಳೆಯ ಫ್ರಿಜ್, ಅದಕ್ಕೊಂದು ತಾಪಮಾನ ನಿಯಂತ್ರಕ, ಎರಡು ವಾರ 10 ಡಿಗ್ರಿ, ಆಮೇಲೆ ಐದಾರು ವಾರ ಸೊನ್ನೆಯಿಂದ ನಾಲ್ಕು ಡಿಗ್ರಿ, ನಡುವೆ ವಿದ್ಯುತ್ ಕೈಕೊಡಬಾರದು. ಪಿಲ್ಸೆನ್ನನ್ನು ಕಟ್ಟಿಕೊಳ್ಳುವ ಖರ್ಚೆಲ್ಲ ಈ ಪೆಟ್ಟಿಗೆಯಲ್ಲಿದೆ.

ಎರಡು ತಾಪಮಾನಗಳ ನಡುವೆ ಇನ್ನೊಂದು ಹೆಜ್ಜೆಯಿದೆ. ಯೀಸ್ಟ್ ಬೆಳೆಯುವಾಗ ಹೊರಬಿಡುವ ಒಂದು ವಸ್ತು ರಸದಲ್ಲಿ ಡೈಅಸಿಟೈಲ್ ಆಗಿ ಬದಲಾಗುತ್ತದೆ. ಬೆಣ್ಣೆಗೂ ಮಜ್ಜಿಗೆಗೂ ಪರಿಮಳ ಕೊಡುವ ವಸ್ತುವೇ ಅದು, ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಕೊನೆಯ ಎರಡು-ಮೂರು ದಿನ ಕಾವನ್ನು 15 ಡಿಗ್ರಿಗೆ ಏರಿಸಿದರೆ ಯೀಸ್ಟೇ ಅದನ್ನು ಮರಳಿ ಹೀರಿಕೊಳ್ಳುತ್ತದೆ. ಹೀರಿತೋ ಇಲ್ಲವೋ ನೋಡಲು ಒಂದು ಲೋಟದಷ್ಟನ್ನು ಮುಚ್ಚಿದ ಸೀಸೆಯಲ್ಲಿಟ್ಟು 60 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಆರಿಸಿ, ಬಿಸಿ ಮಾಡದ ಇನ್ನೊಂದು ಲೋಟದ ಪಕ್ಕದಲ್ಲಿ ಮೂಸುತ್ತಾರೆ. ಬೆಣ್ಣೆಯ ವಾಸನೆ ಬಂದರೆ ಇನ್ನೂ ಕಾಯಬೇಕು. ಜರ್ಮನಿಯ ಪಿಲ್ಸ್ನರ್ ತಯಾರಕರು ಅದನ್ನು ಲವಲೇಶವೂ ಸಹಿಸುವುದಿಲ್ಲ. ಪಿಲ್ಸೆನ್ನಿನ ಮೂಲ ಬಿಯರಿನಲ್ಲಿ ಮಾತ್ರ ಅದರ ಛಾಯೆ ಇಂದಿಗೂ ಉಳಿದಿದೆ. ಅಳಿಯ ಬ್ರನೋದಲ್ಲಿ ಮೂರು ದಿನ ಪೂರ್ತಿ ಕಾದು ಅದನ್ನು ಒರೆಸಿಹಾಕುತ್ತಾನೆ. ಒಂದು ದಿನ ಮೊದಲೇ ತಣ್ಣಗೆ ಇಳಿಸಿಬಿಡು ಎಂದು ನಾನು ಹೇಳುತ್ತಲೇ ಇದ್ದೇನೆ, ಅವನು ಕೇಳುವುದಿಲ್ಲ.