ಮಗ 'ಆರಾಮ' ಅಂದರು, ಅಪ್ಪ 4ಕ್ಕೆ ಗುರುತು ಹಾಕಿದ್ದರು

"ಹೇಗಿದ್ದೀರಿ ಯಜಮಾನ್ರೇ?" ಅಂತ ನಾನು ಕೇಳುವುದು ಪೇಷೆಂಟನ್ನು. ಉತ್ತರ ಬರುವುದು ಪಕ್ಕದಲ್ಲಿ ಫೈಲ್ ಹಿಡಿದು ನಿಂತ ಮಗನಿಂದ. "ಆರಾಮಿದ್ದಾರೆ ಸಾರ್, ಊಟ ಸ್ವಲ್ಪ ಕಮ್ಮಿ ಅಷ್ಟೇ." ಶ್ವಾಸಕೋಶದ ಕ್ಯಾನ್ಸರ್ ಓಪಿಡಿಯಲ್ಲಿ ಇದು ದಿನಾ ನಡೆಯುತ್ತದೆ. ಮಗ ಸುಳ್ಳು ಹೇಳುತ್ತಿಲ್ಲ. ಮಕ್ಕಳು ಗಾಬರಿಯಾಗಬಾರದು ಅಂತ ಅಪ್ಪ ಮನೆಯಲ್ಲೂ ಹಾಗೇ ಹೇಳಿರುತ್ತಾರೆ.

ಒಬ್ಬ ರೈತರು ಮೂರನೇ ಕೀಮೋಗೆ ಬಂದಿದ್ದರು. ಒಳಗೆ ಬರುವ ಮೊದಲು ನರ್ಸ್ ಅವರಿಗೊಂದು ಪ್ರಶ್ನೆಗಳ ಹಾಳೆ ಕೊಟ್ಟಿದ್ದರು. ಕೈಕಾಲು ಜೋಮು ಹಿಡಿಯುತ್ತದಾ ಅನ್ನುವ ಕಡೆ 4ಕ್ಕೆ ಗುರುತು. ಅಂದರೆ 'ತುಂಬಾ'. ಅಂಗಿಯ ಮೇಲಿನ ಗುಂಡಿ ಬಿಚ್ಚಿ ಮತ್ತೆ ಹಾಕಿ ಅಂದೆ. ಹೇಗೋ ಬಿಚ್ಚಿದರು, ಹಾಕಲು ಆಗಲಿಲ್ಲ. ಬೆರಳು ತಡಕಾಡುತ್ತಲೇ ಇತ್ತು. ಹದಿನೈದು ದಿನದಿಂದ ಹೆಂಡತಿಯೇ ಗುಂಡಿ ಹಾಕಿಕೊಡುತ್ತಿದ್ದರಂತೆ. ಪ್ಯಾಕ್ಲಿಟ್ಯಾಕ್ಸೆಲ್ ಔಷಧಿ ನರಗಳಿಗೆ ಮಾಡುವ ತೊಂದರೆ ಇದು. ಹಾಗೇ ಮುಂದುವರಿಸಿದ್ದರೆ ಜೋಮು ಕಾಯಂ ಆಗುವ ಭಯವಿತ್ತು. ಅವತ್ತೇ ಔಷಧಿ ಬದಲಿಸಿದೆವು. ಯಾವ ಸ್ಕ್ಯಾನೂ ಇದನ್ನು ನನಗೆ ಹೇಳುತ್ತಿರಲಿಲ್ಲ.

ಆ ಪ್ರಶ್ನೆಗಳು ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿ ರೂಪಿಸಿದ್ದು. ಮುಖ್ಯ ಹಾಳೆಯ ಹೆಸರು ಕ್ಯೂಎಲ್‌ಕ್ಯೂ-ಸಿ30. 30 ಪ್ರಶ್ನೆಗಳು, ಕನ್ನಡದಲ್ಲೂ ಇದೆ. 1993ರಲ್ಲಿ ಪ್ರಕಟವಾದಾಗ ಅದನ್ನು ಪರೀಕ್ಷಿಸಿ ನೋಡಿದ್ದೇ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ. ಮರುವರ್ಷ ಇದೇ ಕಾಯಿಲೆಗೆಂದು ಎಲ್‌ಸಿ13 ಅನ್ನುವ ಇನ್ನೊಂದು ಹಾಳೆ ಬಂತು. ರೈತರು ಜೋಮಿಗೆ ಗುರುತು ಹಾಕಿದ್ದು ಇದರಲ್ಲೇ. ಕೆಮ್ಮು, ಕಫದಲ್ಲಿ ರಕ್ತ, ಏದುಸಿರು, ಬಾಯಿಹುಣ್ಣು, ನೋವು, ಜೋಮು ಹೀಗೆ 13 ಪ್ರಶ್ನೆ. 1 ಅಂದರೆ ಇಲ್ಲವೇ ಇಲ್ಲ, 4 ಅಂದರೆ ತುಂಬಾ.

ಕನ್ನಡಕ್ಕೆ ಬಂದ ಮಾತ್ರಕ್ಕೆ ಪ್ರಶ್ನೆ ನಮ್ಮ ಮನೆಗೆ ಹೊಂದುತ್ತದೆ ಅಂತಲ್ಲ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದಾ ಅಂತ ಒಂದು ಪ್ರಶ್ನೆ ಇದೆ. ಹಳ್ಳಿಯ ಹೆಂಚಿನ ಮನೆಯಲ್ಲಿ ಮೆಟ್ಟಿಲೇ ಇರುವುದಿಲ್ಲ. ಒಬ್ಬ ಅಜ್ಜಿ 'ಇಲ್ಲವೇ ಇಲ್ಲ' ಅಂತ ಹೇಳಿದ್ದರು. ಕೊಡ ಹೊತ್ತು ಬರುವಾಗ ಹೇಗೆ ಅಂತ ನರ್ಸ್ ಕೇಳಿದರು. "ಕೊಡಾನಾ? ಅದನ್ನ ಬಿಟ್ಟು ಎರಡು ತಿಂಗಳಾಯ್ತು, ದಮ್ಮು ಹತ್ತುತ್ತೆ" ಅಂದರು. ವಿಶ್ರಾಂತಿಯಲ್ಲಿ, ನಡೆಯುವಾಗ, ಮೆಟ್ಟಿಲಲ್ಲಿ ಈ ಮೂರಕ್ಕೂ ಉತ್ತರ ಇದ್ದರೆ ಮಾತ್ರ ಏದುಸಿರಿನ ಅಂಕ ಲೆಕ್ಕಹಾಕಬೇಕು ಅಂತ ನಿಯಮವೇ ಇದೆ. ಮೆಟ್ಟಿಲು ಹತ್ತದವರು ಅದನ್ನು ಖಾಲಿ ಬಿಡಲಿ. ಊಹಿಸಿ ತುಂಬಿಸುವುದು ಬೇಡ.

ಉತ್ತರಗಳನ್ನು 0ಯಿಂದ 100ರ ಅಂಕಕ್ಕೆ ಬದಲಿಸುತ್ತೇವೆ. ಇಲ್ಲಿ ಹೊಸಬರು ಎಡವುತ್ತಾರೆ. ಓಡಾಟ, ಮನಸ್ಸಿನ ನೆಮ್ಮದಿ ಇಂಥವುಗಳಲ್ಲಿ ಅಂಕ ಜಾಸ್ತಿ ಇದ್ದರೆ ಒಳ್ಳೆಯದು. ನೋವು, ಸುಸ್ತು ಇವುಗಳಲ್ಲಿ ಜಾಸ್ತಿ ಇದ್ದರೆ ಕೆಟ್ಟದ್ದು. ಇನ್ನು, ಒಂದು ದಿನದ ಅಂಕವೊಂದನ್ನೇ ಹಿಡಿದು ನಾನು ನಿರ್ಧಾರ ಮಾಡುವುದಿಲ್ಲ. ಹೋದ ಸಲಕ್ಕಿಂತ 10 ಅಂಕ ಆಚೀಚೆ ಆಗಿದ್ದರೆ ಕೂತು ಮಾತಾಡುತ್ತೇನೆ.

"ಇದರಿಂದ ಕಾಯಿಲೆ ಕಮ್ಮಿಯಾಗುತ್ತಾ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಫ್ರಾನ್ಸಿನಲ್ಲಿ ಡಾ. ಫ್ಯಾಬ್ರಿಸ್ ಡೆನಿಸ್ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದವರಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನವರು ಪ್ರತಿ ವಾರ ಮನೆಯಿಂದಲೇ ಇಂಟರ್ನೆಟ್ ಮೂಲಕ ತಮ್ಮ ತೊಂದರೆ ತಿಳಿಸುತ್ತಿದ್ದರು. ಅದು ಹೆಚ್ಚಾದರೆ ಡಾಕ್ಟರಿಗೆ ಎಚ್ಚರಿಕೆ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಮಾಮೂಲಿ ತಪಾಸಣೆ. 2017ರ ವರದಿಯಲ್ಲಿ ಮೊದಲ ಗುಂಪಿನ ಅರ್ಧದಷ್ಟು ಜನ 19 ತಿಂಗಳು ದಾಟಿ ಬದುಕಿದ್ದರು. ಮಾಮೂಲಿ ಗುಂಪಿನಲ್ಲಿ ಅದು 12 ತಿಂಗಳು. ಲೆಕ್ಕಕ್ಕೆ ಸಿಕ್ಕವರು 121 ಜನ, ದೊಡ್ಡ ಪ್ರಯೋಗವೇನಲ್ಲ. ಆದರೆ ಕಾರಣ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕಾಯಿಲೆ ಮರುಕಳಿಸಿದ್ದು ಬೇಗ ತಿಳಿದಾಗ ದೇಹದಲ್ಲಿ ಇನ್ನೂ ಕಸುವಿರುತ್ತದೆ. ಮುಂದಿನ ಚಿಕಿತ್ಸೆ ತಡೆದುಕೊಳ್ಳಲು ಆಗುತ್ತದೆ.

ಅಲ್ಲಿ ಕೆಲಸ ಮಾಡಿದ್ದು ಹಾಳೆಯಲ್ಲ, ಎಚ್ಚರಿಕೆ ನೋಡಿ ಫೋನ್ ಎತ್ತಿದ ಡಾಕ್ಟರು. ನಾನು ಹಿಂದೆ ಇದ್ದ ಒಂದು ಆಸ್ಪತ್ರೆಯಲ್ಲಿ ಫಾರ್ಮ್‌ಗಳನ್ನು ಸುಮ್ನೆ ತುಂಬಿಸಿ ಬೀರುವಿನಲ್ಲಿ ಇಡುತ್ತಿದ್ದರು. ನಾನೂ ತೆಗೆದು ನೋಡುತ್ತಿರಲಿಲ್ಲ. ಒಬ್ಬ ಹೆಣ್ಣುಮಗಳು ಎರಡು ಭೇಟಿಯಲ್ಲೂ ಏದುಸಿರಿಗೆ 4 ಅಂತ ಗುರುತು ಹಾಕಿದ್ದರು. ನಾನು ಅದನ್ನು ನೋಡಿದ್ದು, ಎದೆಯಲ್ಲಿ ನೀರು ತುಂಬಿ ಅವರು ಎಮರ್ಜೆನ್ಸಿಗೆ ಬಂದ ರಾತ್ರಿ. ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಒಂದು ಸಾಲೂ ಇತ್ತು: "ಮಲಗಲು ಆಗಲ್ಲ, ಗೋಡೆಗೆ ಒರಗಿ ಕೂತಿರುತ್ತೇನೆ."

ಈಗ ಪೇಷೆಂಟ್ ಒಳಗೆ ಬರುವ ಮೊದಲು ಹಾಳೆ ನನ್ನ ಮೇಜಿನ ಮೇಲಿರುತ್ತದೆ. ಓದಲು ಬಾರದವರಿಗೆ ನರ್ಸ್ ಓದಿ ಹೇಳುತ್ತಾರೆ. ಆ ಹತ್ತು ನಿಮಿಷ ಮನೆಯವರು ಹೊರಗೆ ಕೂತಿರಲಿ ಅಂತ ಕೇಳಿಕೊಳ್ಳುತ್ತೇವೆ. ಕೆಮ್ಮಿದಾಗ ರಕ್ತ ಬಂದರೆ, ಮುಖ ಊದಿದರೆ, ಬೆನ್ನುನೋವಿನ ಜೊತೆ ಕಾಲಿನ ಬಲ ಹೋದರೆ ಮುಂದಿನ ಹಾಳೆಗೆ ಕಾಯಬೇಡಿ, ಅವತ್ತೇ ಬನ್ನಿ. ಮತ್ತೆ, ಪ್ರಶ್ನೆಯಲ್ಲಿ ಇಲ್ಲದ್ದು ಏನಾದರೂ ಇದ್ದರೆ ಹಿಂದೆ ಬರೆಯಿರಿ. ನಾನು ಮೊದಲು ತಿರುಗಿಸಿ ನೋಡುವುದೇ ಆ ಕಡೆ.