ಚಿತ್ರಕೃಪೆ: ಯಾರ ಕೃಪೆ, ಯಾರ ಹೆಸರು?

ಮೊನ್ನೆ ಒಂದು ಸ್ಮರಣಸಂಚಿಕೆ ಕೈಗೆ ಬಂತು. ಒಳ್ಳೆಯ ಕಾಗದ, ಒಳ್ಳೆಯ ಮುದ್ರಣ. ನಡುವಿನ ಎರಡು ಪುಟದ ತುಂಬ ಹಂಪಿಯ ಕಲ್ಲಿನ ರಥ, ಸಂಜೆ ಬೆಳಕಿನಲ್ಲಿ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’. ಈ ಸಾಲನ್ನು ಈ ವರ್ಷ ಎಷ್ಟು ಸಲ ಓದಿದೆನೋ, ಲೆಕ್ಕ ತಪ್ಪಿದೆ. ಈ ಅಂತರ್ಜಾಲ ಅನ್ನುವವರು ಯಾರು? ಯಾವಾಗ ಹಂಪಿಗೆ ಹೋಗಿದ್ದರು? ಬಿಸಿಲು ಇಳಿಯಲಿ ಎಂದು ಕ್ಯಾಮೆರಾ ಹಿಡಿದು ಎಷ್ಟು ಹೊತ್ತು ಕಾದಿದ್ದರು?

ಮೊದಲು ಪದ ನೋಡೋಣ. ಕೃಪೆ ಸಂಸ್ಕೃತದಿಂದ ಬಂದದ್ದು. ಅದರ ಧಾತುವಿಗೆ ಮರುಗುವುದು ಎಂಬ ಅರ್ಥ. ಹಾಗಾಗಿ ಕೃಪೆ ಅಂದರೆ ಮೊದಲು ಕನಿಕರ, ಆಮೇಲೆ ದಯೆ. ಇದೇ ಮನೆತನದ ಇನ್ನೊಂದು ಪದ ಕೃಪಣ. ಇವತ್ತು ಅವನು ಜಿಪುಣ, ಹಿಂದೆ ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವ ದೀನ. ಮಹಾಭಾರತದ ಕೃಪಾಚಾರ್ಯನ ಹೆಸರೂ ಇಲ್ಲಿಂದಲೇ ಬಂತು. ಕಾಡಿನಲ್ಲಿ ಸಿಕ್ಕಿದ ಎರಡು ಹಸುಗೂಸುಗಳನ್ನು ಶಂತನು ಮರುಗಿ ತಂದು ಸಾಕಿದ. ಆ ಮಕ್ಕಳೇ ಕೃಪ ಮತ್ತು ಕೃಪಿ.

ಮೇಲಿರುವವರು ಕೆಳಗಿರುವವರಿಗೆ ಲೆಕ್ಕ ಇಡದೆ ತೋರಿಸುವುದು ಕೃಪೆ. ನಮ್ಮ ರೂಢಿಯೂ ಹಾಗೇ ಇದೆ. ಮನೆಗೆ ಗುರುಕೃಪಾ ಎಂದು ಹೆಸರಿಡುತ್ತೇವೆ. ಲಾರಿಯ ಹಣೆಯ ಮೇಲೆ ಮಂಜುನಾಥನ ಕೃಪೆ ಬರೆಸುತ್ತೇವೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಪೂರ್ತಿ ಹೆಸರು ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಆ ಕೃಪೆಗೆ ರಸೀತಿ ಕೊಡಬೇಕಾಗಿಲ್ಲ, ಷರತ್ತೂ ಇಲ್ಲ. ಕೈಮುಗಿದರೆ ಆಯಿತು.

ಇಂಥ ಪದ ಪತ್ರಿಕೆಗಳಲ್ಲಿ ಇಂಗ್ಲಿಷಿನ ‘ಕರ್ಟಸಿ’ಗೆ ಜೋಡಿಯಾಗಿ ಕೂತಿತು. ಕರ್ಟಸಿ ಹುಟ್ಟಿದ್ದು ಅರಮನೆಯಲ್ಲಿ. ಆಸ್ಥಾನದಲ್ಲಿ ನಡೆದುಕೊಳ್ಳುವ ಮರ್ಯಾದೆ ಅದು, ಅಂದರೆ ಸೌಜನ್ಯ. ಅಲ್ಲಿಯ ಸೌಜನ್ಯ ಇಲ್ಲಿ ಕೃಪೆ ಆಯಿತು. ಎಡವಟ್ಟು ಅಲ್ಲಿಂದಲೇ ಶುರು. ಕೃಪೆ ಎಂದು ಬರೆದ ಕೂಡಲೇ, ಹೆಸರು ಹಾಕುವುದು ನಮ್ಮ ದೊಡ್ಡ ಮನಸ್ಸು, ಹಾಕದಿದ್ದರೂ ನಡೆಯುತ್ತದೆ ಅನ್ನುವ ಭಾವನೆ ಬಂದುಬಿಡುತ್ತದೆ.

ನಡೆಯುವುದಿಲ್ಲ. ‘ಷರತ್ತು ಪಾಲಿಸಿದರೆ ಪುಕ್ಕಟೆ ಬಳಸಿ’ ಎಂದು ಮಾಡಿದವರೇ ಮೊದಲೇ ಅನುಮತಿ ಕೊಟ್ಟಿರುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನ ಫೋಟೋಗಳಲ್ಲಂತೂ ಹೆಸರೇ ಅದರ ಬೆಲೆ. ಈ ಲೈಸೆನ್ಸುಗಳು ಮೊದಲು ಬಂದದ್ದು 2002ರ ಡಿಸೆಂಬರಿನಲ್ಲಿ. ಆಗ ‘ನನ್ನ ಹೆಸರು ಹಾಕಿ’ ಎಂಬ ಷರತ್ತನ್ನು ಬೇಕಾದರೆ ಇಟ್ಟುಕೊಳ್ಳಬಹುದಿತ್ತು, ಬೇಡವಾದರೆ ಬಿಡಬಹುದಿತ್ತು. ಹೆಚ್ಚುಕಡಿಮೆ ಎಲ್ಲರೂ ಇಟ್ಟುಕೊಂಡರು! ದುಡ್ಡು ಬೇಡ ಎಂದವರೂ ಹೆಸರು ಬೇಡ ಅನ್ನಲಿಲ್ಲ. ಹಾಗಾಗಿ 2004ರಲ್ಲಿ ಬಂದ ಎರಡನೇ ಆವೃತ್ತಿಯಿಂದ ಎಲ್ಲ ಲೈಸೆನ್ಸಿನಲ್ಲೂ ಆ ಷರತ್ತು ಖಾಯಂ ಆಯಿತು. ‘ಸಿಸಿ ಬೈ’ ಅನ್ನುವಾಗ ಬರುವ ‘ಬೈ’ ಅದೇ, ‘ಇಂಥವರು ತೆಗೆದದ್ದು’ ಎಂದು. ಹಾಕದಿದ್ದರೆ ಕನ್ನಡದ ಅರ್ಥದಲ್ಲೂ ಬೈಸಿಕೊಳ್ಳಬೇಕಾಗುತ್ತದೆ. ಷರತ್ತು ಮುರಿದರೆ ಲೈಸೆನ್ಸ್ ಅಲ್ಲಿಗೇ ಮುಗಿಯಿತು, ಉಳಿಯುವುದು ಮಾಮೂಲಿ ಕಾಪಿರೈಟ್. 4.0 ಆವೃತ್ತಿ ಸ್ವಲ್ಪ ಕರುಣೆ ತೋರಿಸುತ್ತದೆ. ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಲೈಸೆನ್ಸ್ ತಾನಾಗೇ ವಾಪಸ್ ಬರುತ್ತದೆ. ಕೃಪೆ ಎಂದು ಬರೆಯುವುದಾದರೆ ಅಲ್ಲಿ ಬರೆಯಬೇಕು.

ನಮ್ಮ ಕಾನೂನೂ ಬೇರೆ ಹೇಳುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕು ಮಾರಿಕೊಂಡ ಮೇಲೂ ‘ಇದು ನಾನು ಮಾಡಿದ್ದು’ ಎಂದು ಹೇಳಿಕೊಳ್ಳುವ ಹಕ್ಕು ಮಾಡಿದವರ ಹತ್ತಿರವೇ ಇರುತ್ತದೆ.

ಇನ್ನು ‘ಕೃಪೆ: ಗೂಗಲ್’. ಇದು ‘ಅಂತರ್ಜಾಲ’ಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ, ಯಾಕೆಂದರೆ ಬರೆದವರಿಗೆ ತಾವು ಮೂಲ ಕೊಟ್ಟಿದ್ದೇವೆ ಅನ್ನುವ ನೆಮ್ಮದಿ ಬೇರೆ. ಗೂಗಲ್ ಬರೀ ದಾರಿ ತೋರಿಸಿತು. ಬಸ್ ಸ್ಟ್ಯಾಂಡಿನಲ್ಲಿ ವಿಳಾಸ ಹೇಳಿದವನನ್ನೇ ಮನೆ ಯಜಮಾನ ಅಂದ ಹಾಗಾಯಿತು, ಅಲ್ವಾ? ಅದೇ ಗೂಗಲ್ ಹುಡುಕಾಟದಲ್ಲಿ ಕ್ರಿಯೇಟಿವ್ ಕಾಮನ್ಸ್ ಚಿತ್ರಗಳನ್ನಷ್ಟೇ ಸೋಸಿ ಕೊಡುವ ವ್ಯವಸ್ಥೆಯೂ ಇದೆ, ಯಾರೂ ಒತ್ತುವುದಿಲ್ಲ. ‘ಕೃಪೆ: ವಿಕಿಪೀಡಿಯ’ ಅರ್ಧ ವಾಸಿ. ಆದರೆ ಫೋಟೋ ತೆಗೆದದ್ದು ವಿಕಿಪೀಡಿಯ ಅಲ್ಲ. ಕೆಲವು ಸಲ ಅಪ್‌ಲೋಡ್ ಮಾಡಿದವರೂ ಅಲ್ಲ. ಫೋಟೋ ಹಂಚುವ ತಾಣ ಫ್ಲಿಕರ್‌ನಿಂದ, ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಬೇರೆಯವರು ತಂದು ಹಾಕಿದ ಫೋಟೋಗಳು ಬೇಕಾದಷ್ಟಿವೆ. ಚಿತ್ರದ ಪುಟದಲ್ಲಿ ಕರ್ತೃ ಎಂದು ಯಾರ ಹೆಸರಿದೆಯೋ ಅದನ್ನೇ ಹಾಕಬೇಕು. ಅವರು ತಮ್ಮನ್ನು ‘ಕಾಡುಪಾಪ123’ ಎಂದು ಕರೆದುಕೊಂಡಿದ್ದರೆ ನೀವೂ ಗಂಭೀರವಾಗಿ ಕಾಡುಪಾಪ123 ಎಂದೇ ಬರೆಯಬೇಕು.

ಹೆಸರಿನ ಜೊತೆ ಎಲ್ಲಿಂದ ತಂದಿರಿ, ಯಾವ ಲೈಸೆನ್ಸ್, ಏನಾದರೂ ಬದಲಾಯಿಸಿದ್ದೀರಾ ಎಂದೂ ಹೇಳಬೇಕು. ‘ಫೋಟೋ: ಕಾಡುಪಾಪ123, ವಿಕಿಮೀಡಿಯ ಕಾಮನ್ಸ್, ಸಿಸಿ ಬೈ-ಎಸ್‌ಎ 4.0, ಅಂಚು ಕತ್ತರಿಸಲಾಗಿದೆ.’ ಇಷ್ಟೇ. (‘ಎಸ್‌ಎ’ ಅಂದರೆ, ಬದಲಾಯಿಸಿ ಹಂಚಿದರೆ ಅದಕ್ಕೂ ಇದೇ ಲೈಸೆನ್ಸ್ ಇರಬೇಕು ಎಂದು.) ಆನ್‌ಲೈನ್ ಆದರೆ ಚಿತ್ರಕ್ಕೂ ಲೈಸೆನ್ಸಿಗೂ ಲಿಂಕ್ ಕೊಡಿ.

ಜಾಗ ಇರಲಿಲ್ಲ ಅನ್ನುವ ನೆಪ ಬೇಡ. ಅಮೆರಿಕದ ಒಂದು ಕಂಪನಿ ಫ್ಲಿಕರ್‌ನ ಬೈ-ಎಸ್‌ಎ ಫೋಟೋವನ್ನು ತನ್ನ ನಕ್ಷೆ ಪುಸ್ತಕದ ಮುಖಪುಟಕ್ಕೆ ಹಾಕಿ ಮಾರಿತು. ಫೋಟೋಗ್ರಾಫರ್ ಕೇಸು ಹಾಕಿದರು. 2015ರಲ್ಲಿ ತೀರ್ಪು ಕಂಪನಿಯ ಪರ ಬಂತು. ಯಾಕೆ? ಹಿಂಬದಿ ರಕ್ಷಾಪುಟದಲ್ಲಿ ಸಣ್ಣದಾಗಿ ಆದರೂ ಹೆಸರು, ಲೈಸೆನ್ಸ್ ಎರಡೂ ಇದ್ದವು. ಮಾರಿದ್ದೂ ತಪ್ಪಾಗಲಿಲ್ಲ. ಬೈ-ಎಸ್‌ಎ ಮಾರಾಟಕ್ಕೆ ಅಡ್ಡ ಬರುವುದಿಲ್ಲ. ಬೇಡ ಅನ್ನುವುದು ‘ಎನ್‌ಸಿ’ ಇರುವ ಲೈಸೆನ್ಸ್, ಅಂಥವನ್ನು ಕಾಮನ್ಸ್ ಸೇರಿಸಿಕೊಳ್ಳುವುದೇ ಇಲ್ಲ.

ಹಾಗಾದರೆ ಚಿತ್ರಕೃಪೆ ಅನ್ನುವ ಪದವನ್ನೇ ಬಿಡಬೇಕಾ? ಬೇಡ. ಹಳೇ ಆಲ್ಬಮ್ಮಿನಿಂದ ಅಜ್ಜಿಯ ಮದುವೆ ಫೋಟೋವನ್ನು ಪಕ್ಕದ ಮನೆಯವರು ನಿಮ್ಮ ಪುಸ್ತಕಕ್ಕೆ ಬಿಡಿಸಿ ಕೊಟ್ಟರೆ ಅದು ನಿಜವಾದ ಚಿತ್ರಕೃಪೆ. ‘ಸಿಸಿ ಸೊನ್ನೆ’ ಎಂದು ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟವರದ್ದೂ ಕೃಪೆಯೇ. ಅವರು ಹೆಸರನ್ನೂ ಕೇಳಿಲ್ಲ. ಉಳಿದ ಕಡೆ ಸುಮ್ನೆ ‘ಫೋಟೋ:’ ಎಂದು ಬರೆದು ಹೆಸರು ಹಾಕಿದರೆ ಸಾಕು.

ಅಂದ ಹಾಗೆ, ಆ ಕಲ್ಲಿನ ರಥದ ಫೋಟೋ ಹುಡುಕಿದೆ. ಎರಡು ನಿಮಿಷದಲ್ಲಿ ಕಾಮನ್ಸ್‌ನಲ್ಲಿ ಸಿಕ್ಕಿತು, ತೆಗೆದವರ ಹೆಸರಿನ ಸಮೇತ. ಎಂಟು ಅಕ್ಷರದ ಹೆಸರು. ‘ಅಂತರ್ಜಾಲ’ಕ್ಕಿಂತ ನಾಲ್ಕೇ ಅಕ್ಷರ ಜಾಸ್ತಿ.