ಪಕ್ಕದಲ್ಲೇ ನದಿ ಇದ್ದರೂ ಎತ್ತಿನ ಬಂಡಿ ಯಾಕೆ?

ಪ್ರಶ್ನೆ: ಅಮೆರಿಕದ ಒರೆಗಾನ್ ಟ್ರೈಲ್ (19ನೇ ಶತಮಾನದಲ್ಲಿ ಜನ ಪಶ್ಚಿಮದ ಒರೆಗಾನ್‌ಗೆ ವಲಸೆ ಹೋದ ಬಂಡಿದಾರಿ) ನೂರಾರು ಮೈಲಿ ಪ್ಲಾಟ್ ನದಿಯ ದಡದಲ್ಲೇ ಸಾಗುತ್ತಿತ್ತಂತೆ. ಹಾಗಿದ್ದರೆ ವಲಸೆ ಹೋದವರು ದೋಣಿ ಬಿಟ್ಟು ಬಂಡಿ ಕಟ್ಟಿದ್ದು ಯಾಕೆ?

ಉತ್ತರ: ಆ ನದಿಯಲ್ಲಿ ದೋಣಿ ತೇಲುವಷ್ಟು ನೀರೇ ಇರುತ್ತಿರಲಿಲ್ಲ. ನೆಬ್ರಾಸ್ಕ ರಾಜ್ಯದ ಬಯಲಲ್ಲಿ ಪ್ಲಾಟ್ ಹತ್ತಾರು ಕವಲಾಗಿ ಒಡೆದು ಮರಳುದಿಬ್ಬಗಳ ನಡುವೆ ಹರಿಯುತ್ತದೆ. ‘ಒಂದು ಮೈಲಿ ಅಗಲ, ಒಂದು ಅಂಗುಲ ಆಳ’ ಅಂತ ಅದನ್ನು ಆಡಿಕೊಳ್ಳುತ್ತಿದ್ದರು. ತುಪ್ಪಳದ ವ್ಯಾಪಾರಿಗಳು ದೋಣಿ ಇಳಿಸಿಯೂ ನೋಡಿದ್ದರು, ಮರಳಿಗೆ ಸಿಕ್ಕಿಕೊಂಡವು. ಸಾಲದ್ದಕ್ಕೆ ನದಿ ಹರಿಯುವುದು ಪೂರ್ವಕ್ಕೆ, ಜನ ಹೊರಟಿದ್ದು ಪಶ್ಚಿಮಕ್ಕೆ.

ಹಾಗಾದರೆ ನದಿಯಿಂದ ಉಪಯೋಗವೇನು? ತುಂಬಾ ಇತ್ತು. ಕಣಿವೆ ಹೆಚ್ಚುಕಡಿಮೆ ಸಮತಟ್ಟು, ಏರು ಗೊತ್ತೇ ಆಗುವುದಿಲ್ಲ. ಎತ್ತುಗಳಿಗೆ ದಿನವೂ ಹುಲ್ಲು, ನೀರು ಸಿಗುತ್ತಿತ್ತು. ಅದಕ್ಕೇ ಹೊಸ ಹುಲ್ಲು ಚಿಗುರುವುದನ್ನು ಕಾದು, ಏಪ್ರಿಲ್–ಮೇ ಹೊತ್ತಿಗೆ ಹೊರಡುತ್ತಿದ್ದರು. ದಿನಕ್ಕೆ ಸುಮಾರು 15 ಮೈಲಿ. ಬಂಡಿ ತುಂಬಾ ಸಾಮಾನು, ಹಾಗಾಗಿ ಬಹಳಷ್ಟು ಜನ ಪಕ್ಕದಲ್ಲಿ ನಡೆದೇ ಹೋದರು. ಮರ ಅಪರೂಪ. ಒಲೆಗೆ ಕಾಡೆಮ್ಮೆಯ ಒಣಗಿದ ಸಗಣಿ ಆರಿಸುತ್ತಿದ್ದರು. ಬೆರಣಿ ಬಲ್ಲ ನಮಗೆ ಇದು ಹೊಸದಲ್ಲ, ಅಲ್ವಾ?

ಕಷ್ಟ ಇದ್ದದ್ದು ನದಿ ದಾಟುವಾಗ. ಪ್ಲಾಟ್‌ನ ಕವಲಾದ ದಕ್ಷಿಣ ಪ್ಲಾಟ್‌ನ ತಳ ಕುಸಿಯುವ ಮರಳು. ನಡುವೆ ನಿಂತರೆ ಗಾಲಿ ಹೂತುಹೋಗುತ್ತಿತ್ತು, ಹಾಗಾಗಿ ಹೆಚ್ಚಿನ ಎತ್ತು ಕಟ್ಟಿ ನಿಲ್ಲಿಸದೆ ಎಳೆಸುತ್ತಿದ್ದರು. ದಾಟಿದ ಮೇಲೆ ಆಶ್ ಹಾಲೋ ಎಂಬ ಕಣಿವೆಯ ಬಳಿ ಕಡಿದಾದ ಇಳಿಜಾರು. ಗಾಲಿಗೆ ಸರಪಳಿ ಬಿಗಿದು, ಹಿಂದಿನಿಂದ ಹಗ್ಗ ಹಿಡಿದು ಬಂಡಿ ಇಳಿಸಬೇಕಿತ್ತು. ಆದರೆ ಇವೆಲ್ಲಕ್ಕಿಂತ ಜಾಸ್ತಿ ಜೀವ ತೆಗೆದದ್ದು ಕಾಲರಾ, ಅದರಲ್ಲೂ 1849ರ ನಂತರದ ವರ್ಷಗಳಲ್ಲಿ.

ಇದು ಯಾರೂ ಇಲ್ಲದ ನೆಲವಾಗಿರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. ಮೂಲನಿವಾಸಿಗಳಾದ ಪಾವ್ನಿ, ಲಕೋಟ, ಶಯೆನ್ ಜನರ ಊರು, ಬೇಟೆಯ ಬಯಲು ಇಲ್ಲೇ ಇದ್ದವು. ಬಂಡಿಗಳ ಸಾಲು ಅವರ ಹುಲ್ಲು, ಕಾಡೆಮ್ಮೆ ಎರಡನ್ನೂ ಕಿತ್ತುಕೊಂಡಿತು.

ಕಣಿವೆ ಎಷ್ಟು ಒಳ್ಳೆಯ ದಾರಿಯೆಂದರೆ, 1860ರ ದಶಕದಲ್ಲಿ ಯೂನಿಯನ್ ಪೆಸಿಫಿಕ್ ರೈಲು ಹಳಿಯೂ ಇಲ್ಲೇ ಬಂತು. ಇಂದಿನ ಇಂಟರ್‌ಸ್ಟೇಟ್ 80 ಹೆದ್ದಾರಿ ಕೂಡ ನೆಬ್ರಾಸ್ಕದಲ್ಲಿ ಬಹಳ ದೂರ ಪ್ಲಾಟ್ ಪಕ್ಕದಲ್ಲೇ ಓಡುತ್ತದೆ. ಅಲ್ಲಿರುವ ಕನ್ನಡಿಗರು ಹೋಗುವುದಾದರೆ ಒಗಲಾಲ ಊರಿನಲ್ಲಿ ಅದನ್ನು ಬಿಟ್ಟು 26ನೇ ಹೆದ್ದಾರಿ ಹಿಡಿಯಿರಿ. ಆಶ್ ಹಾಲೋ, ಆಮೇಲೆ ಚಿಮ್ನಿ ರಾಕ್, ಸ್ಕಾಟ್ಸ್ ಬ್ಲಫ್ ಎಂಬ ಬಂಡೆಗುಡ್ಡಗಳು ಸಾಲಾಗಿ ಸಿಗುತ್ತವೆ. ವಯೋಮಿಂಗ್‌ನ ಗರ್ನ್ಸಿವರೆಗೂ ಹೋಗಿ: ಅಲ್ಲಿ ಬಂಡಿಗಳು ಮರಳುಗಲ್ಲನ್ನೇ ಕೊರೆದ ಜಾಡು ಕೆಲವೆಡೆ 5 ಅಡಿ ಆಳವಿದೆ.